ಎಟಿವಿಯ ಹಿಂದಿನ ಬ್ರೇಕ್ ಹಿಡಿದುಕೊಂಡರೆ: ಕ್ಯಾಲಿಪರ್ ಬಿಚ್ಚುವ ಮೊದಲು ನೋಡಬೇಕಾದ್ದು

ಕಾಫಿ ಒಣಗಿಸುವ ಕಣ ಸಮತಟ್ಟಾಗಿರುತ್ತದೆ. ಅಲ್ಲಿ ಎಟಿವಿಯನ್ನು, ಅಂದರೆ ದಪ್ಪ ಟೈರಿನ ಆ ನಾಲ್ಕು ಚಕ್ರದ ಗಾಡಿಯನ್ನು, ನ್ಯೂಟ್ರಲ್‌ಗೆ ಹಾಕಿ ಒಬ್ಬರೇ ತಳ್ಳಿ ನೋಡಿ. ಗಾಡಿ ಭಾರವೇ, ಸುಳ್ಳಲ್ಲ. ಆದರೆ ಒಮ್ಮೆ ಕದಲಿದ ಮೇಲೆ ಅದು ಸಲೀಸಾಗಿ ಉರುಳಬೇಕು. ತಳ್ಳಿದಷ್ಟೇ ದೂರ ಹೋಗಿ, ಕೈಬಿಟ್ಟ ತಕ್ಷಣ ಗಕ್ಕನೆ ನಿಂತರೆ ಎಲ್ಲೋ ಏನೋ ಹಿಡಿದುಕೊಂಡಿದೆ ಅಂತಲೇ ಅರ್ಥ. ಹತ್ತರಲ್ಲಿ ಎಂಟು ಸಲ ಅದು ಹಿಂದಿನ ಬ್ರೇಕು.

ಮಲೆನಾಡಿನ ತೋಟಗಳಲ್ಲಿ, ರೆಸಾರ್ಟ್‌ಗಳ ಟ್ರ್ಯಾಕ್‌ಗಳಲ್ಲಿ ಓಡುವ ಎಟಿವಿಗಳಿಗೆ ಇದು ಮಾಮೂಲಿ ಕಾಯಿಲೆ. ಮುಂದಿನ ಚಕ್ರ ಎರಚುವ ಕೆಸರೆಲ್ಲ ಹಿಂದಿನ ಕ್ಯಾಲಿಪರ್ (ಪ್ಯಾಡ್‌ಗಳನ್ನು ಡಿಸ್ಕಿಗೆ ಒತ್ತಿ ಹಿಡಿಯುವ ಭಾಗ) ಮೇಲೇ ಬೀಳುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆ ಕೆಸರು ಒಣಗುವುದೇ ಇಲ್ಲ. ಆಮೇಲೆ ಬಿಸಿಲು ಬಂದಾಗ ಅದೇ ಕೆಸರು ಇಟ್ಟಿಗೆ ಆಗುತ್ತದೆ.

ಮೊದಲ ಸಲ ನಮ್ಮ ಗಾಡಿಗೆ ಹೀಗಾದಾಗ ನಾನು ನೇರವಾಗಿ ಕ್ಯಾಲಿಪರ್‌ಗೆ ಕೈ ಹಾಕಿದೆ. ಸೀಲ್ ಕಿಟ್ ತರಿಸಿ ಹಾಕಿದೆ. ಒಂದು ವಾರ ಚೆನ್ನಾಗಿತ್ತು. ಮತ್ತೆ ಹಿಡಿಯಿತು. ಮತ್ತೆ ಬಿಚ್ಚಿದೆ. ಕೊನೆಗೆ ಗೊತ್ತಾಗಿದ್ದು ಏನು ಅಂದರೆ, ಕಾಲಿನ ಪೆಡಲ್ ಹಿಂದೆ ಮಣ್ಣು ಗಟ್ಟಿಯಾಗಿ ಕೂತಿತ್ತು, ಪೆಡಲ್ ಪೂರ್ತಿ ಮೇಲಕ್ಕೆ ಬರುತ್ತಿರಲಿಲ್ಲ. ಕಿಟ್ ಹಾಕುವ ಮೊದಲು ಗಾಡಿಯನ್ನು ತೊಳೆದಿದ್ದೆನಲ್ಲ, ಆ ಒಂದು ವಾರ ಅದಕ್ಕೇ ಸರಿಯಿತ್ತು! ಹಾಗಾಗಿ ಇಲ್ಲಿ ದುಡ್ಡು ಖರ್ಚಾಗದ ಪರೀಕ್ಷೆಗಳೇ ಮೊದಲು ಬರುತ್ತವೆ. ಸ್ಪ್ಯಾನರ್ ಆಮೇಲೆ.

ನಿಮ್ಮ ಗಾಡಿಯಲ್ಲಿ ಯಾವ ಥರದ ಬ್ರೇಕ್ ಇದೆ?

ಹಿಂದೆ ಒಂದೇ ಗಟ್ಟಿ ಆಕ್ಸಲ್ ಇರುವ ಗಾಡಿಗಳಲ್ಲಿ ಸಾಮಾನ್ಯವಾಗಿ ಒಂದೇ ಡಿಸ್ಕ್, ಒಂದೇ ಕ್ಯಾಲಿಪರ್. ಎರಡೂ ಚಕ್ರ ಒಟ್ಟಿಗೇ ತಿರುಗುವುದರಿಂದ ಎಡ ಬಲ ಹೋಲಿಸಿ ನೋಡಲು ಆಗುವುದಿಲ್ಲ. ಎರಡೂ ಚಕ್ರಕ್ಕೆ ಬೇರೆ ಬೇರೆ ಸಸ್ಪೆನ್ಷನ್ ಇರುವ ದೊಡ್ಡ ಗಾಡಿಗಳಲ್ಲಿ ಚಕ್ರಕ್ಕೊಂದು ಕ್ಯಾಲಿಪರ್ ಇರಬಹುದು. ಇನ್ನು ಕೆಲವದರಲ್ಲಿ ಡಿಸ್ಕ್ ಚಕ್ರದ ಹತ್ತಿರವೇ ಇರುವುದಿಲ್ಲ, ಹಿಂದಿನ ಡಿಫರೆನ್ಷಿಯಲ್ ಪಕ್ಕ ಶಾಫ್ಟ್ ಮೇಲೆ ಇರುತ್ತದೆ. ಅಲ್ಲಿ ಕೆಸರು ತುಂಬಿದರೆ ಹೊರಗಿನಿಂದ ಕಾಣುವುದೂ ಇಲ್ಲ. ಬ್ಯಾಟರಿ ಹಿಡಿದು ಗಾಡಿಯ ಅಡಿಗೆ ಬಗ್ಗಿ ನೋಡಿ.

ಡ್ರಮ್ ಬ್ರೇಕ್ ಇದ್ದರೆ, ಇಲ್ಲವೇ ಸುಜುಕಿ ಕಿಂಗ್‌ಕ್ವಾಡ್‌ನಂತೆ ಎಣ್ಣೆಯೊಳಗೆ ಮುಳುಗಿರುವ ಮುಚ್ಚಿದ ಬ್ರೇಕ್ ಇದ್ದರೆ ಈ ಬರಹ ನಿಮಗಲ್ಲ. ಅವುಗಳ ಲೆಕ್ಕವೇ ಬೇರೆ.

ಕೈ ಹಾಕುವ ಮೊದಲು ನಾಲ್ಕು ಎಚ್ಚರಿಕೆ

ಬ್ರೇಕ್ ಹಿಡಿದುಕೊಂಡು ಓಡಿದ ಡಿಸ್ಕ್ ಕಾದ ಕಾವಲಿ ಇದ್ದ ಹಾಗೆ. ಮುಟ್ಟಬೇಡಿ. ತಣ್ಣಗಾಗಲಿ ಅಂತ ಬಕೆಟ್ ನೀರು ಸುರಿಯಲೂಬೇಡಿ, ಡಿಸ್ಕ್ ಸೊಟ್ಟಗಾಗುತ್ತದೆ. ಅರ್ಧ ಗಂಟೆ ಬಿಟ್ಟುಬಿಡಿ.

ಬರೀ ಜಾಕ್ ನಂಬಿ ಗಾಡಿಯಡಿ ಕೈ, ತಲೆ ಹಾಕಬೇಡಿ. ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಮುಂದಿನ ಚಕ್ರಗಳಿಗೆ ಹಿಂದೆ ಮುಂದೆ ಕಲ್ಲು ಕೊಟ್ಟು, ಫ್ರೇಮ್ ಕೆಳಗೆ ಸ್ಟ್ಯಾಂಡ್ ಇಲ್ಲವೇ ದಪ್ಪ ಮರದ ದಿಮ್ಮಿ ಇಡಿ. ಈ ಕೆಲಸದಲ್ಲಿ ಪಾರ್ಕಿಂಗ್ ಬ್ರೇಕನ್ನು ಬಿಡಲೇಬೇಕಾಗುತ್ತದೆ. ಅಂದರೆ ಗಾಡಿಯನ್ನು ಹಿಡಿದು ನಿಲ್ಲಿಸುವುದು ಆ ಕಲ್ಲುಗಳೇ.

ಪ್ಯಾಡ್‌ನ ಪುಡಿಯನ್ನು ಬಾಯಿಂದಲೋ ಕಂಪ್ರೆಸರ್ ಗಾಳಿಯಿಂದಲೋ ಊದಬೇಡಿ. ಒದ್ದೆ ಬಟ್ಟೆಯಲ್ಲಿ ಒರೆಸಿ. ಹಳೇ ಪ್ಯಾಡ್‌ಗಳಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರಬಹುದು, ಅದು ಶ್ವಾಸಕೋಶಕ್ಕೆ ಹೋದರೆ ವಾಪಸ್ ಬರುವುದಿಲ್ಲ.

ಬ್ರೇಕ್ ಆಯಿಲ್ ಬಿದ್ದರೆ ಬಣ್ಣ ಕಿತ್ತು ಬರುತ್ತದೆ, ಕಣ್ಣಿಗೆ ಸಿಡಿದರೆ ಜೋರು ಉರಿ. ಕನ್ನಡಕ ಹಾಕಿಕೊಳ್ಳಿ. ಪಕ್ಕದಲ್ಲಿ ಒಂದು ಮಗ್ ನೀರು ಇಟ್ಟುಕೊಳ್ಳಿ. ಚೆಲ್ಲಿದ ತಕ್ಷಣ ನೀರು ಹಾಕಿ ತೊಳೆದರೆ ಹೋಗುತ್ತದೆ.

ಲಕ್ಷಣ: ಗಾಡಿ ಎಳೆಯುತ್ತಿಲ್ಲ, ಆದರೆ ಬ್ರೇಕೇ ಅಂತ ಖಾತ್ರಿ ಇಲ್ಲ

ಟೈರಿನ ಗಾಳಿ ನೋಡಿ. ಎಟಿವಿ ಟೈರಿಗೆ ಗಾಳಿ ತೀರಾ ಕಮ್ಮಿ, ಹಲವು ಗಾಡಿಗಳಲ್ಲಿ ಐದಾರು ಪಿಎಸ್‌ಐ ಅಷ್ಟೇ. ಅದರಲ್ಲೂ ಎರಡು ಇಳಿದುಹೋದರೆ ಗಾಡಿ ಭಾರ ಅನಿಸದೆ ಇನ್ನೇನು? ಚೈನ್ ಇರುವ ಗಾಡಿಯಾದರೆ ಚೈನ್ ತೀರಾ ಬಿಗಿ ಇದೆಯಾ ನೋಡಿ. ಫೋರ್ ವೀಲ್ ಇದ್ದರೆ ಟೂ ವೀಲ್‌ಗೆ ಹಾಕಿ.

ಆಮೇಲೆ ಹಿಂದಿನ ಚಕ್ರಗಳನ್ನು ಎತ್ತಿ, ನ್ಯೂಟ್ರಲ್‌ನಲ್ಲಿ ಕೈಯಿಂದ ತಿರುಗಿಸಿ. ಪ್ಯಾಡ್ ಡಿಸ್ಕಿಗೆ ಸ್ವಲ್ಪ ಸವರುವ ಸದ್ದು ಬರುವುದು ಸಹಜ, ಅದಕ್ಕೆ ಹೆದರಬೇಡಿ. ಒಂದು ಕೈಯಲ್ಲಿ ತಿರುಗಿಸಲು ಆಗದಿದ್ದರೆ, ತಿರುಗಿಸಿ ಬಿಟ್ಟ ತಕ್ಷಣ ನಿಂತರೆ ಅನುಮಾನ ಪಡಿ. ಇನ್ನೂ ಅನುಮಾನ ಉಳಿದರೆ ಕ್ಯಾಲಿಪರ್‌ನ ಎರಡು ಬೋಲ್ಟ್ ಬಿಚ್ಚಿ, ಅದನ್ನು ಡಿಸ್ಕಿನಿಂದ ಎಳೆದು ತಂತಿಯಲ್ಲಿ ಫ್ರೇಮಿಗೆ ಕಟ್ಟಿ. ಹೋಸ್ ಮೇಲೆ ಜೋತು ಬೀಳಲು ಬಿಡಬೇಡಿ. ಈಗಲೂ ಚಕ್ರ ಬಿಗಿಯಾಗಿದ್ದರೆ ತಪ್ಪು ಬೇರಿಂಗ್‌ನಲ್ಲೋ ಗೇರಿನಲ್ಲೋ ಇದೆ. ಬ್ರೇಕಿಗೆ ಸುಮ್ನೆ ಬೈಯುವುದು ಬೇಡ.

ಬಿಸಿ ನೋಡುವುದು ಇನ್ನೊಂದು ದಾರಿ. ಬ್ರೇಕ್ ಆದಷ್ಟು ಕಡಿಮೆ ಒತ್ತಿ ಹತ್ತು ನಿಮಿಷ ಓಡಿಸಿ. ನಿಲ್ಲಿಸಿ, ಡಿಸ್ಕಿನ ಮೇಲೆ ಬೆರಳಿನಿಂದ ನಾಲ್ಕು ಹನಿ ನೀರು ಚಿಮುಕಿಸಿ. ಚುಯ್ ಅಂದರೆ ಡಿಸ್ಕ್ 100 ಡಿಗ್ರಿ ದಾಟಿದೆ. ಬ್ರೇಕ್ ಒತ್ತದೆ ಅಷ್ಟು ಬಿಸಿ ಆಗಬಾರದು. ಇಳಿಜಾರು ಇಳಿದು ಬಂದ ಮೇಲೆ ಈ ಪರೀಕ್ಷೆ ಮಾಡಿದರೆ ಅರ್ಥವಿಲ್ಲ, ಆಗ ಸರಿಯಿರುವ ಬ್ರೇಕೂ ಚುಯ್ ಅನ್ನುತ್ತದೆ.

ಲಕ್ಷಣ: ತಿಂಗಳುಗಟ್ಟಲೆ ನಿಂತಿದ್ದ ಗಾಡಿ ಕದಲುತ್ತಿಲ್ಲ

ಮಳೆಗಾಲ ಪೂರ್ತಿ ಶೆಡ್ಡಿನಲ್ಲಿ ನಿಂತ ಗಾಡಿಯ ಕಥೆ ಇದು. ಪಾರ್ಕಿಂಗ್ ಬ್ರೇಕ್ ಹಾಕಿ ಬಿಟ್ಟಿರುತ್ತೀರಿ. ಪ್ಯಾಡ್ ಒತ್ತಿ ಹಿಡಿದ ಜಾಗದಲ್ಲೇ ಡಿಸ್ಕಿಗೆ ತುಕ್ಕು ಬಂದು ಎರಡೂ ಅಂಟಿಕೊಂಡಿರುತ್ತವೆ.

ಮೊದಲು ಪಾರ್ಕಿಂಗ್ ಬ್ರೇಕ್ ನಿಜವಾಗಿಯೂ ಬಿಟ್ಟಿದೆಯಾ ನೋಡಿ. ಕೆಲವು ಗಾಡಿಗಳಲ್ಲಿ ಅದು ಹ್ಯಾಂಡಲ್ ಬ್ರೇಕ್ ಲಿವರ್‌ಗೆ ಹಾಕುವ ಒಂದು ಸಣ್ಣ ಕೊಕ್ಕೆ ಅಷ್ಟೇ. ಕೆಸರು ಸೇರಿ ಅದು ಅರ್ಧ ಬಿಟ್ಟು ಅರ್ಧ ಹಿಡಿದಿರುತ್ತದೆ. ಇನ್ನು ಕೆಲವು ಗಾಡಿಗಳಲ್ಲಿ, ಸ್ಪೋರ್ಟ್ ಮಾದರಿಗಳಲ್ಲಿ ಜಾಸ್ತಿ, ಹ್ಯಾಂಡಲ್‌ನಿಂದ ಒಂದು ಕೇಬಲ್ ಹಿಂದಿನ ಕ್ಯಾಲಿಪರ್‌ವರೆಗೆ ಬರುತ್ತದೆ. ಅಲ್ಲಿ ಒಂದು ಸಣ್ಣ ತೋಳು, ತೋಳಿನ ನಡುವೆ ಒಂದು ಬೋಲ್ಟ್. ತೋಳು ತಿರುಗಿದರೆ ಬೋಲ್ಟ್, ಪ್ಯಾಡನ್ನು ಡಿಸ್ಕಿಗೆ ಒತ್ತುವ ಪಿಸ್ಟನ್ನನ್ನು ಹಿಂದಿನಿಂದ ತಳ್ಳುತ್ತದೆ. ಇಲ್ಲಿ ಬ್ರೇಕ್ ಆಯಿಲ್‌ಗೂ ಇದಕ್ಕೂ ಸಂಬಂಧವೇ ಇಲ್ಲ.

ಹಿಂದಿನ ಕ್ಯಾಲಿಪರ್ ಹಿಡಿದುಕೊಂಡರೆ ನಾನು ಮೊದಲು ಅನುಮಾನ ಪಡುವುದು ಈ ತೋಳನ್ನೇ. ಹ್ಯಾಂಡಲ್ ಬಿಟ್ಟು, ಒಬ್ಬರನ್ನು ಹಿಂದೆ ಕೂರಿಸಿ ತೋಳು ಪೂರ್ತಿ ವಾಪಸ್ ಬರುತ್ತಾ ನೋಡಲು ಹೇಳಿ. ಬರದಿದ್ದರೆ ಕೇಬಲ್ಲನ್ನು ತೋಳಿನಿಂದ ಕಳಚಿ. ಕಳಚಿದ ಮೇಲೆ ತೋಳು ಸಲೀಸಾಗಿ ಆಡಿದರೆ ಕೇಬಲ್ ಕೆಟ್ಟಿದೆ. ನೀರು ಒಳಗೆ ಹೋಗಿ ತುಕ್ಕು ಹಿಡಿದಿದೆ. ಹೊಸದು ಹಾಕಿ, ಹಳೇ ಕೇಬಲ್‌ಗೆ ಎಣ್ಣೆ ಬಿಟ್ಟು ಬದುಕಿಸುವ ಪ್ರಯತ್ನ ಎರಡು ವಾರ ಬಾಳುವುದಿಲ್ಲ. ತೋಳೇ ಬಿಗಿಯಿದ್ದರೆ ಅದನ್ನು ಬಿಚ್ಚಿ ತೊಳೆದು ಗ್ರೀಸ್ ಹಚ್ಚಬೇಕು.

ಕೇಬಲ್ ಸರಿ, ತೋಳೂ ಸರಿ, ಆದರೂ ಹಿಡಿದಿದೆ ಅಂದರೆ ಹೊಂದಾಣಿಕೆ ಹೆಚ್ಚಾಗಿರಬಹುದು. ಪ್ಯಾಡ್ ಸವೆದಾಗ ಯಾರೋ ಬೋಲ್ಟ್ ಬಿಗಿ ಮಾಡಿರುತ್ತಾರೆ, ಹೊಸ ಪ್ಯಾಡ್ ಹಾಕಿದಾಗ ಅದನ್ನು ವಾಪಸ್ ಸಡಿಲಿಸಲು ಮರೆತಿರುತ್ತಾರೆ. ಚೆಕ್ ನಟ್ (ಬೋಲ್ಟ್ ತಾನಾಗಿ ತಿರುಗದಂತೆ ಹಿಡಿಯುವ ನಟ್) ಸಡಿಲಿಸಿ, ಬೋಲ್ಟನ್ನು ಪಿಸ್ಟನ್‌ಗೆ ತಾಗುವವರೆಗೆ ಕೈಯಲ್ಲೇ ತಿರುಗಿಸಿ, ಅಲ್ಲಿಂದ ಒಂದು ಚೂರು ಹಿಂದಕ್ಕೆ ತಂದು ಚೆಕ್ ನಟ್ ಬಿಗಿ ಮಾಡಿ. ಎಷ್ಟು ಚೂರು ಅನ್ನುವುದು ಗಾಡಿಯ ಸರ್ವಿಸ್ ಪುಸ್ತಕದಲ್ಲಿ ಇರುತ್ತದೆ.

ಪ್ಯಾಡ್ ಡಿಸ್ಕಿಗೆ ಅಂಟಿಕೊಂಡಿದ್ದರೆ ಎಂಜಿನ್ ಜೋರು ಮಾಡಿ ಕಿತ್ತು ಬಿಡಿಸುವುದು ಬೇಡ. ಪ್ಯಾಡ್‌ನ ಲೈನಿಂಗ್ ತಗಡಿನಿಂದ ಎದ್ದು ಬರುತ್ತದೆ. ಕ್ಯಾಲಿಪರ್‌ಗೆ ರಬ್ಬರ್ ಸುತ್ತಿಗೆಯಿಂದ ಎರಡು ಏಟು ಕೊಟ್ಟು, ಚಕ್ರವನ್ನು ಹಿಂದಕ್ಕೂ ಮುಂದಕ್ಕೂ ಅಲ್ಲಾಡಿಸಿ. ಬಿಟ್ಟುಕೊಂಡ ಮೇಲೆ ಪ್ಯಾಡ್ ಹೊರಗೆ ತೆಗೆದು ನೋಡಿ. ತಗಡಿಗೂ ಲೈನಿಂಗ್‌ಗೂ ನಡುವೆ ತುಕ್ಕಿನ ಗೆರೆ ಕಂಡರೆ ಪ್ಯಾಡ್ ಬದಲಿಸಿ, ಎಷ್ಟೇ ದಪ್ಪ ಉಳಿದಿದ್ದರೂ ಸರಿ.

ಮುಂದಿನ ಮಳೆಗಾಲಕ್ಕೆ ಗಾಡಿಯನ್ನು ಗೇರಿನಲ್ಲಿ ಹಾಕಿ, ಚಕ್ರಕ್ಕೆ ಕಲ್ಲು ಕೊಟ್ಟು ನಿಲ್ಲಿಸಿ. ಪಾರ್ಕಿಂಗ್ ಬ್ರೇಕ್ ಬೇಡ.

ಲಕ್ಷಣ: ಹೊರಟಾಗ ಸರಿ, ಸ್ವಲ್ಪ ಹೊತ್ತಾದ ಮೇಲೆ ಹಿಡಿಯುತ್ತದೆ, ತಣ್ಣಗಾದ ಮೇಲೆ ಬಿಡುತ್ತದೆ

ಜನ ದಾರಿ ತಪ್ಪುವುದು ಇಲ್ಲೇ. ಗ್ಯಾರೇಜಿಗೆ ತೆಗೆದುಕೊಂಡು ಹೋಗುವಷ್ಟರಲ್ಲಿ ಬ್ರೇಕ್ ತಣ್ಣಗಾಗಿ ಬಿಟ್ಟುಕೊಂಡಿರುತ್ತದೆ. ಮೆಕ್ಯಾನಿಕ್ ತಿರುಗಿಸಿ ನೋಡಿ "ಏನೂ ಇಲ್ವಲ್ಲ ಸರ್" ಅನ್ನುತ್ತಾನೆ. ಅವನ ತಪ್ಪೇನಿಲ್ಲ.

ಒಳಗೆ ಆಗುವುದು ಇಷ್ಟು. ಪೆಡಲ್ ಒತ್ತಿದಾಗ ಬ್ರೇಕ್ ಆಯಿಲನ್ನು ಕ್ಯಾಲಿಪರ್‌ಗೆ ತಳ್ಳುವುದು ಮಾಸ್ಟರ್ ಸಿಲಿಂಡರ್. ಪೆಡಲ್ ಬಿಟ್ಟಾಗ ಅದರ ಒಳಗಿನ ರಬ್ಬರ್ ಕಪ್ ಪೂರ್ತಿ ಹಿಂದೆ ಸರಿಯಬೇಕು. ಹಿಂದೆ ಸರಿದಾಗ ಒಂದು ಸೂಜಿಮೊನೆಯಷ್ಟು ಸಣ್ಣ ತೂತು ತೆರೆದುಕೊಳ್ಳುತ್ತದೆ. ಬಿಸಿಗೆ ಹಿಗ್ಗಿದ ಬ್ರೇಕ್ ಆಯಿಲ್ ಆ ತೂತಿನಿಂದ ಮೇಲಿನ ಡಬ್ಬಿಗೆ ಹೋಗುತ್ತದೆ. ತೂತು ಮುಚ್ಚಿದ್ದರೆ ಹೋಗಲು ದಾರಿ ಇಲ್ಲ. ಹಿಗ್ಗಿದ ಆಯಿಲ್ ಪಿಸ್ಟನ್ನನ್ನೇ ತಳ್ಳುತ್ತದೆ. ಪ್ಯಾಡ್ ಡಿಸ್ಕಿಗೆ ಒತ್ತುತ್ತದೆ, ಇನ್ನೂ ಬಿಸಿಯಾಗುತ್ತದೆ, ಇನ್ನೂ ಹಿಗ್ಗುತ್ತದೆ. ಕೊನೆಗೆ ಗಾಡಿ ಫಸ್ಟ್ ಗೇರಿನಲ್ಲೂ ಕದಲುವುದಿಲ್ಲ. ತಣ್ಣಗಾದಾಗ ಆಯಿಲ್ ಕುಗ್ಗಿ ಎಲ್ಲ ಸರಿಹೋಗುತ್ತದೆ.

ತೂತು ಮುಚ್ಚಲು ಕಾರಣಗಳು ಹಲವು. ಅಗ್ಗದ್ದರಿಂದ ಶುರು ಮಾಡೋಣ.

ಪೆಡಲ್ ಹಿಂದೆ, ಪೆಡಲ್ ತಿರುಗುವ ಪಿನ್ನಿನಲ್ಲಿ ಮಣ್ಣು ಇದೆಯಾ ನೋಡಿ. ನನ್ನ ಎರಡು ಕಿಟ್‌ಗಳನ್ನು ತಿಂದದ್ದು ಇದೇ. ತೊಳೆದು, ಪಿನ್ನಿಗೆ ಗ್ರೀಸ್ ಹಚ್ಚಿ, ಸ್ಪ್ರಿಂಗ್ ಇದೆಯಾ ನೋಡಿ. ಗಾಡಿ ಮಗುಚಿ ಬಿದ್ದಾಗ ಪೆಡಲ್ ಬಾಗಿದ್ದರೂ ಹೀಗೆಯೇ ಆಗುತ್ತದೆ.

ಪೆಡಲ್ಲನ್ನು ಒಂದೇ ಬೆರಳಿನಿಂದ ಒತ್ತಿ. ಮೊದಲು ಒಂದು ಚೂರು ಖಾಲಿ ಆಟ ಇರಬೇಕು, ಆಮೇಲೆ ಬಿಗಿ ಸಿಗಬೇಕು. ಮುಟ್ಟಿದ ತಕ್ಷಣ ಬಿಗಿ ಸಿಕ್ಕಿದರೆ ಮಾಸ್ಟರ್ ಸಿಲಿಂಡರ್‌ನ ರಾಡ್ ಉದ್ದವಾಗಿ ಹೊಂದಿಸಲ್ಪಟ್ಟಿದೆ. ಚೆಕ್ ನಟ್ ಸಡಿಲಿಸಿ ರಾಡನ್ನು ಸ್ವಲ್ಪ ಗಿಡ್ಡ ಮಾಡಿ. ಹ್ಯಾಂಡಲ್ ಲಿವರ್ ಹಿಂದಿನ ಬ್ರೇಕನ್ನೂ ಹಿಡಿಯುವ ಗಾಡಿಗಳಿವೆ. ಅಲ್ಲಿ ಲಿವರ್‌ಗೂ ಇದೇ ಪರೀಕ್ಷೆ. ಬಿದ್ದು ಬಾಗಿದ ಲಿವರ್, ಗಾಡಿಗೆ ಹೊಂದದ ಲಿವರ್, ಎರಡೂ ಕಪ್ಪನ್ನು ಪೂರ್ತಿ ಹಿಂದೆ ಬರಲು ಬಿಡುವುದಿಲ್ಲ.

ಆಯಿಲ್ ಡಬ್ಬಿ ಕತ್ತಿನವರೆಗೆ ತುಂಬಿದೆಯಾ? ಮೇಲಿನ ಗೆರೆಗಿಂತ ಹೆಚ್ಚಿದ್ದರೆ ಸಿರಿಂಜಿನಲ್ಲಿ ಎಳೆದು ತೆಗೆಯಿರಿ. ಆಯಿಲ್ ಚಹಾ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದ್ದರೆ, ಡಬ್ಬಿಯ ತಳದಲ್ಲಿ ಲೋಳೆಯಂಥ ಗಸಿ ಇದ್ದರೆ ಆ ಸಣ್ಣ ತೂತು ಕಟ್ಟಿಕೊಂಡಿರುವ ಸಾಧ್ಯತೆ ಹೆಚ್ಚು. ಡಬ್ಬಿ ಮಾಸ್ಟರ್ ಸಿಲಿಂಡರ್ ಮೇಲೇ ಕೂತಿರುವ ಮಾದರಿಯಾದರೆ ಮುಚ್ಚಳ ತೆಗೆದು, ಮುಖ ದೂರ ಇಟ್ಟು, ಲಿವರನ್ನು ಮೆಲ್ಲಗೆ ಒಂದು ಚೂರು ಎಳೆದು ಬಿಡಿ. ಆಯಿಲ್ ಮೇಲೆ ಒಂದು ಪುಟ್ಟ ಬುಗ್ಗೆ ಎದ್ದರೆ ತೂತು ತೆರೆದಿದೆ. ಏನೂ ಏಳದಿದ್ದರೆ ಕಟ್ಟಿದೆ, ಇಲ್ಲವೇ ಕಪ್ ಅದನ್ನು ಮುಚ್ಚಿಕೊಂಡೇ ಕೂತಿದೆ. ಕರೆಂಟ್ ವೈರಿನ ಒಂದೇ ಒಂದು ತಾಮ್ರದ ಎಳೆಯಿಂದ ಬಿಡಿಸಬಹುದು. ಡ್ರಿಲ್ ಹಾಕಬೇಡಿ, ತೂತು ದೊಡ್ಡದಾದರೆ ಮಾಸ್ಟರ್ ಸಿಲಿಂಡರ್ ಗುಜರಿಗೆ ಹೋಯಿತು ಅಂತಲೇ ಲೆಕ್ಕ.

ನಿಪ್ಪಲ್ ಪರೀಕ್ಷೆ: ತಪ್ಪು ಮೇಲಿದೆಯೋ ಕೆಳಗಿದೆಯೋ

ಈ ಬರಹದಲ್ಲಿ ಒಂದನ್ನೇ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಬ್ರೇಕ್ ಹಿಡಿದಿರುವಾಗಲೇ ಮಾಡಬೇಕು, ಬಿಟ್ಟ ಮೇಲೆ ಮಾಡಿದರೆ ಏನೂ ಗೊತ್ತಾಗುವುದಿಲ್ಲ.

ಹಿಂದಿನ ಚಕ್ರ ಎತ್ತಿ ನಿಲ್ಲಿಸಿ. ಕ್ಯಾಲಿಪರ್‌ನ ಬ್ಲೀಡಿಂಗ್ ನಿಪ್ಪಲ್‌ಗೆ (ಆಯಿಲ್, ಗಾಳಿ ಹೊರಬಿಡುವ ಸಣ್ಣ ತಿರುಪು) ಒಂದು ಪಾರದರ್ಶಕ ಟ್ಯೂಬ್ ಸಿಕ್ಕಿಸಿ, ಇನ್ನೊಂದು ತುದಿಯನ್ನು ಸ್ವಲ್ಪ ಬ್ರೇಕ್ ಆಯಿಲ್ ಇರುವ ಬಾಟಲಿಯಲ್ಲಿ ಮುಳುಗಿಸಿ. ಪೆಡಲ್ಲನ್ನು ನಾಲ್ಕೈದು ಸಲ ಒತ್ತಿ ಬಿಡಿ. ಚಕ್ರ ಬಿಗಿಯಾಗಿದೆ ಅಂತ ಖಚಿತ ಮಾಡಿಕೊಳ್ಳಿ. ಈಗ ಪೆಡಲ್ ಮುಟ್ಟದೆ, ರಿಂಗ್ ಸ್ಪ್ಯಾನರ್‌ನಿಂದ ನಿಪ್ಪಲ್ಲನ್ನು ಕಾಲು ಸುತ್ತು ಸಡಿಲಿಸಿ.

ಆಯಿಲ್ ಚಿಮ್ಮಿ ಚಕ್ರ ಸಡಿಲವಾಯಿತಾ? ಹಾಗಾದರೆ ಒತ್ತಡ ಒಳಗೇ ಸಿಕ್ಕಿಕೊಂಡಿತ್ತು. ಕ್ಯಾಲಿಪರ್ ಪಾಪ ನಿರಪರಾಧಿ. ತಪ್ಪು ಮಾಸ್ಟರ್ ಸಿಲಿಂಡರ್‌ನಲ್ಲೋ ಹೋಸ್‌ನಲ್ಲೋ ಇದೆ. ನಿಪ್ಪಲ್ ತೆರೆದರೂ ಚಕ್ರ ಹಾಗೇ ಬಿಗಿಯಿದೆಯಾ? ಹಾಗಾದರೆ ಸಿಕ್ಕಿಕೊಂಡಿರುವುದು ಲೋಹ. ಪಾರ್ಕಿಂಗ್ ತೋಳು, ಪಿಸ್ಟನ್, ಪಿನ್, ಪ್ಯಾಡ್ ಇವುಗಳಲ್ಲಿ ಒಂದು.

ಒತ್ತಡ ಸಿಕ್ಕಿಕೊಂಡಿತ್ತು ಅಂತಾದರೆ ಇನ್ನೊಂದು ಹೆಜ್ಜೆ. ನಿಪ್ಪಲ್ ಮುಚ್ಚಿ, ಮತ್ತೆ ಪೆಡಲ್ ಒತ್ತಿ ಹಿಡಿಯುವಂತೆ ಮಾಡಿ. ಈ ಸಲ ಮಾಸ್ಟರ್ ಸಿಲಿಂಡರ್ ಹತ್ತಿರ ಹೋಸ್ ಸೇರುವ ಬ್ಯಾಂಜೋ ಬೋಲ್ಟಿಗೆ ಬಟ್ಟೆ ಸುತ್ತಿ ಸ್ವಲ್ಪ ಸಡಿಲಿಸಿ. ಚಕ್ರ ಬಿಟ್ಟರೆ ದೋಷ ಮಾಸ್ಟರ್ ಸಿಲಿಂಡರ್‌ದು. ಅಲ್ಲಿ ಸಡಿಲಿಸಿದರೂ ಬಿಡದೆ, ಕ್ಯಾಲಿಪರ್‌ನಲ್ಲಿ ಸಡಿಲಿಸಿದಾಗ ಮಾತ್ರ ಬಿಟ್ಟರೆ ದೋಷ ನಡುವಿನ ಹೋಸ್‌ದು. ಹಳೇ ರಬ್ಬರ್ ಹೋಸ್ ಒಳಗಿನಿಂದ ಊದಿ, ಒಳಪದರ ಎದ್ದು ಒಂದು ಕವಾಟದ ಹಾಗೆ ಕೆಲಸ ಮಾಡುತ್ತದೆ. ಪೆಡಲ್ ಜೋರಾಗಿ ಒತ್ತಿದರೆ ಆಯಿಲ್ ಕೆಳಗೆ ಹೋಗುತ್ತದೆ, ವಾಪಸ್ ಬರುವ ಶಕ್ತಿ ಅದಕ್ಕಿರುವುದಿಲ್ಲ. ಹೊರಗಿನಿಂದ ನೋಡಿದರೆ ಹೋಸ್ ಹೊಸದರ ಹಾಗೇ ಇರುತ್ತದೆ.

ಬ್ಯಾಂಜೋ ಸಡಿಲಿಸಿದ ಮೇಲೆ ಅದರ ಎರಡು ತಾಮ್ರದ ವಾಷರ್ ಹೊಸದು ಹಾಕಿ, ಆಯಿಲ್ ಒಳಗೆ ಸೇರಿದ ಏರ್ ತೆಗೆಯಲೇಬೇಕು. ಏರ್ ತೆಗೆದು ಗೊತ್ತಿಲ್ಲದಿದ್ದರೆ ಈ ಎರಡನೇ ಹೆಜ್ಜೆಯನ್ನು ಮೆಕ್ಯಾನಿಕ್‌ಗೆ ಬಿಡಿ. ಆದರೆ ಮೊದಲ ಪರೀಕ್ಷೆಯಲ್ಲಿ ಏನಾಯಿತು ಅಂತ ಅವನಿಗೆ ಹೇಳಿ. ಅವನ ಅರ್ಧ ದಿನ, ನಿಮ್ಮ ಅರ್ಧ ಬಿಲ್ ಉಳಿಯುತ್ತದೆ.

ಲಕ್ಷಣ: ಬಿಸಿ ಇರಲಿ ತಣ್ಣಗಿರಲಿ, ಯಾವಾಗಲೂ ಹಿಡಿದೇ ಇರುತ್ತದೆ

ನಿಪ್ಪಲ್ ತೆರೆದರೂ ಬಿಡದ ಬ್ರೇಕ್ ಇದು. ಈಗ ಕ್ಯಾಲಿಪರ್ ಬಿಚ್ಚುವ ಹಕ್ಕು ನಿಮಗೆ ಬಂತು.

ಪ್ಯಾಡ್‌ಗಳನ್ನು ತೆಗೆದು ಪಕ್ಕ ಪಕ್ಕ ಇಡಿ. ಜ್ಯೋತಿಷಿ ಕೈ ನೋಡಿದ ಹಾಗೆ ಇವನ್ನು ನೋಡಿದರೆ ಬಹಳ ತಿಳಿಯುತ್ತದೆ. ಒಂದೇ ಪ್ಯಾಡ್ ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳ್ಳಗೆ ಓರೆಯಾಗಿ ಸವೆದಿದ್ದರೆ ಕ್ಯಾಲಿಪರ್ ಜಾರುವ ಎರಡು ಪಿನ್‌ಗಳಲ್ಲಿ ಒಂದು ಹಿಡಿದಿದೆ. ಪಿಸ್ಟನ್ ಇಲ್ಲದ ಕಡೆಯ ಪ್ಯಾಡ್ ಜಾಸ್ತಿ ಸವೆದಿದ್ದರೆ ಕ್ಯಾಲಿಪರ್ ಪಿನ್ ಮೇಲೆ ವಾಪಸ್ ಜಾರುತ್ತಿಲ್ಲ. ಪಿಸ್ಟನ್ ಕಡೆಯದು ಜಾಸ್ತಿ ಸವೆದಿದ್ದರೆ ಪಿಸ್ಟನ್ ಇರಬಹುದು, ಪಿನ್ನೂ ಇರಬಹುದು. ಎರಡನ್ನೂ ನೋಡಬೇಕು.

ಪಿನ್‌ಗಳನ್ನು ಕೈಯಲ್ಲಿ ಒಳಗೆ ಹೊರಗೆ ಎಳೆದು ನೋಡಿ. ಬೆಣ್ಣೆಯಲ್ಲಿ ಚಾಕು ಆಡಿದ ಹಾಗೆ ಆಡಬೇಕು. ಹಿಡಿದಿದ್ದರೆ ಎಳೆದು ತೆಗೆದು, ಹಳೇ ಗ್ರೀಸ್, ತುಕ್ಕು ಎಲ್ಲ ಒರೆಸಿ. ಮೇಲ್ಮೈಯಲ್ಲಿ ಗುಳಿ ಬಿದ್ದಿದ್ದರೆ ಹೊಸ ಪಿನ್ ಹಾಕಿ. ರಬ್ಬರ್ ಬೂಟ್ ಹರಿದಿದ್ದರೆ ಅದನ್ನು ಬದಲಿಸದೆ ಪಿನ್ ಮಾತ್ರ ಸರಿ ಮಾಡುವುದು ದಂಡ. ಮುಂದಿನ ಹೊಳೆ ದಾಟಿದ ತಕ್ಷಣ ನೀರು ಮತ್ತೆ ಒಳಗೆ.

ಗ್ರೀಸ್ ವಿಷಯದಲ್ಲಿ ನಾನು ಹಟಮಾರಿ. ಶೆಡ್ಡಿನಲ್ಲಿ ಟ್ರ್ಯಾಕ್ಟರಿಗೆ ಅಂತ ಇಟ್ಟ ಗ್ರೀಸ್ ಡಬ್ಬಿ ಕೈಗೆ ಸಿಗುತ್ತದೆ, ಅದನ್ನೇ ಬಳಿದುಬಿಡುತ್ತಾರೆ. ಬ್ರೇಕಿನ ರಬ್ಬರ್‌ಗೆ ಪೆಟ್ರೋಲಿಯಂ ಎಣ್ಣೆ ಆಗಿಬರುವುದಿಲ್ಲ. ರಬ್ಬರ್ ಊದಿಕೊಳ್ಳುತ್ತದೆ, ಪಿನ್ ಮೊದಲಿಗಿಂತ ಬಿಗಿಯಾಗುತ್ತದೆ. ಪಿನ್‌ಗೆ ಸಿಲಿಕಾನ್ ಬ್ರೇಕ್ ಗ್ರೀಸ್ ಮಾತ್ರ, ಅದೂ ತೆಳುವಾಗಿ. ಸರ್ವಿಸ್ ಮಾಡುವಾಗ ಕ್ಯಾಲಿಪರ್‌ಗೆ ಡೀಸೆಲ್ ಹೊಡೆದು ತೊಳೆಯುವ ಅಭ್ಯಾಸವೂ ಇದೇ ಕಾರಣಕ್ಕೆ ಕೆಟ್ಟದ್ದು. ಆಮೇಲೆ ಪ್ಯಾಡಿಗೂ ಡೀಸೆಲ್ ಕುಡಿಸಿದ ಹಾಗಾಗುತ್ತದೆ, ಅಂಥ ಪ್ಯಾಡ್ ಮತ್ತೆ ಹಿಡಿಯುವುದಿಲ್ಲ. ಪ್ರೆಷರ್ ವಾಷರ್ ಇದ್ದರೆ ಅದರ ಮೂತಿಯನ್ನು ಬೂಟ್‌ಗಳಿಗೆ ನೇರ ಹಿಡಿಯಬೇಡಿ.

ಪಿನ್ ಸರಿ ಇದ್ದರೆ ಪಿಸ್ಟನ್. ನೆನಪಿಡಿ, ಪಿಸ್ಟನ್ನನ್ನು ಹಿಂದಕ್ಕೆ ಎಳೆಯಲು ಒಳಗೆ ಸ್ಪ್ರಿಂಗ್ ಏನೂ ಇಲ್ಲ. ಚೌಕಾಕಾರದ ರಬ್ಬರ್ ಸೀಲ್ ಕ್ಯಾಲಿಪರ್ ಒಳಗಿನ ಒಂದು ತೋಡಿನಲ್ಲಿ ಕೂತು ಪಿಸ್ಟನ್ನನ್ನು ತಬ್ಬಿಕೊಂಡಿರುತ್ತದೆ. ಬ್ರೇಕ್ ಒತ್ತಿದಾಗ ಪಿಸ್ಟನ್ ಜೊತೆ ಸೀಲ್ ಸ್ವಲ್ಪ ತಿರುಚಿಕೊಳ್ಳುತ್ತದೆ. ಬಿಟ್ಟಾಗ ನೆಟ್ಟಗಾಗುತ್ತಾ ಪಿಸ್ಟನ್ನನ್ನು ಕೂದಲೆಳೆಯಷ್ಟು ಹಿಂದಕ್ಕೆ ತರುತ್ತದೆ. ಪ್ಯಾಡ್‌ಗೂ ಡಿಸ್ಕಿಗೂ ನಡುವಿನ ಬಿಡುವು ಅಷ್ಟೇ. ಸೀಲ್ ಕೂರುವ ತೋಡಿನಲ್ಲಿ ಬಿಳಿ ಉಪ್ಪಿನಂಥ ಅಲ್ಯೂಮಿನಿಯಂ ತುಕ್ಕು ಬೆಳೆದರೆ ಅದು ಸೀಲನ್ನು ಹಿಂದಿನಿಂದ ಒತ್ತುತ್ತದೆ, ಸೀಲ್ ಪಿಸ್ಟನ್ನನ್ನು ಕಚ್ಚಿ ಹಿಡಿಯುತ್ತದೆ. ಹೊಸ ಕಿಟ್ ಹಾಕಿದರೂ ಸರಿಹೋಗದ ಕ್ಯಾಲಿಪರ್‌ಗಳಲ್ಲಿ ಬಹುಪಾಲು ಈ ತೋಡನ್ನು ಸ್ವಚ್ಛ ಮಾಡದೆ ಬಿಟ್ಟವು.

ಪಿಸ್ಟನ್ ಹೊರತೆಗೆಯಲು ಪೆಡಲ್ಲನ್ನೇ ಬಳಸಿ. ಹೋಸ್ ಇನ್ನೂ ಕ್ಯಾಲಿಪರ್‌ಗೆ ಸೇರಿರುವಾಗಲೇ, ಪ್ಯಾಡ್ ತೆಗೆದು, ಎದುರಿಗೆ ಮರದ ತುಂಡು ಇಟ್ಟು ಮೆಲ್ಲಗೆ ಪೆಡಲ್ ಒತ್ತುತ್ತಾ ಹೋದರೆ ಪಿಸ್ಟನ್ ಹೊರಗೆ ಬರುತ್ತದೆ. ಕೆಳಗೆ ಟ್ರೇ ಇಡಿ. ಕಂಪ್ರೆಸರ್ ಗಾಳಿ ಕೊಟ್ಟರೆ ಅದು ಗುಂಡಿನ ಹಾಗೆ ಹಾರುತ್ತದೆ. ಬೆರಳು ಅಡ್ಡ ಇದ್ದರೆ ಬೆರಳು ಹೋಯಿತು. ಇಕ್ಕಳ ಹಾಕಿ ಪಿಸ್ಟನ್ ಹೊರಮೈ ಹಿಡಿದು ಎಳೆಯಬೇಡಿ, ಗೀರು ಬಿದ್ದರೆ ಅಲ್ಲಿಂದಲೇ ಸೋರುತ್ತದೆ.

ಸೀಲ್ ತೆಗೆದು, ಬಿದಿರಿನ ಸೀಳನ್ನು ಚೂಪು ಮಾಡಿ ತೋಡನ್ನು ಕೆರೆಯಿರಿ. ಸ್ಕ್ರೂ ಡ್ರೈವರ್ ಬೇಡ. ಬ್ರೇಕ್ ಕ್ಲೀನರ್‌ನಿಂದ ತೊಳೆದು ಒಣಗಿಸಿ. ಪಿಸ್ಟನ್ ಮೇಲೆ ಉಗುರಿಗೆ ತಾಗುವ ಗುಳಿ ಇದ್ದರೆ ಹೊಸದೇ ಬೇಕು. ಎಮರಿ ಪೇಪರ್ ಉಜ್ಜಿ ನುಣುಪು ಮಾಡಲು ಹೋಗಬೇಡಿ, ಮೇಲಿನ ಲೇಪ ಹೋದರೆ ಮುಂದಿನ ಮಳೆಗೇ ತುಕ್ಕು. ಹೊಸ ಸೀಲ್‌ಗೆ ಹೊಸ ಬ್ರೇಕ್ ಆಯಿಲ್ ಸವರಿ ಕೂರಿಸಿ, ಪಿಸ್ಟನ್ನನ್ನು ನೆಟ್ಟಗೆ ಹೆಬ್ಬೆರಳಿನಿಂದ ಒತ್ತಿ. ಕೈಯಲ್ಲೇ ಒಳಗೆ ಹೋಗಬೇಕು. ಹೋಗದಿದ್ದರೆ ಎಲ್ಲೋ ಓರೆಯಾಗಿದೆ, ಇಲ್ಲವೇ ತೋಡು ಇನ್ನೂ ಕೊಳಕಿದೆ. ಪಾರ್ಕಿಂಗ್ ಬೋಲ್ಟ್ ಇರುವ ಕ್ಯಾಲಿಪರ್ ಆದರೆ ಮೊದಲು ಆ ಬೋಲ್ಟನ್ನು ಹಿಂದಕ್ಕೆ ತಿರುಗಿಸಿರಬೇಕು.

ಸಿಲಿಂಡರ್ ಒಳಗೋಡೆಯಲ್ಲೇ ಆಳದ ಗುಳಿಗಳಿದ್ದರೆ ಅಲ್ಲಿಗೆ ನಿಲ್ಲಿಸಿ. ಆ ಕ್ಯಾಲಿಪರ್ ಬದಲಿಸುವುದೇ ಸರಿ.

ಲಕ್ಷಣ: ಹೊಸ ಪ್ಯಾಡ್ ಹಾಕಿದ ಮೇಲೆ ಶುರುವಾಯಿತು

ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ. ಪ್ಯಾಡ್ ಸವೆದಂತೆ ಡಬ್ಬಿಯಲ್ಲಿ ಆಯಿಲ್ ಇಳಿಯುತ್ತದೆ, ಯಾರೋ ಮೇಲೆ ತುಂಬಿಸಿರುತ್ತಾರೆ. ಹೊಸ ದಪ್ಪ ಪ್ಯಾಡ್ ಹಾಕಿ ಪಿಸ್ಟನ್ ಹಿಂದಕ್ಕೆ ತಳ್ಳಿದಾಗ ಆ ಆಯಿಲ್ಲಿಗೆ ಜಾಗ ಇರುವುದಿಲ್ಲ. ಡಬ್ಬಿ ನೋಡಿ. ಪಾರ್ಕಿಂಗ್ ಬೋಲ್ಟ್ ನೋಡಿ. ಪ್ಯಾಡ್‌ನ ಕಿವಿಗಳು ಬ್ರಾಕೆಟ್‌ನಲ್ಲಿ ಸಡಿಲವಾಗಿ ಜಾರುತ್ತಿವೆಯಾ ನೋಡಿ. ಅಲ್ಲಿ ತುಕ್ಕು ದಪ್ಪಗಿದ್ದರೆ ಅರ ಹಾಕಿ ಬ್ರಾಕೆಟ್ ಸ್ವಚ್ಛ ಮಾಡಿ. ಅಗ್ಗದ ಪ್ಯಾಡ್‌ಗಳ ಕಿವಿಯ ಮೇಲೆ ಬಣ್ಣ ದಪ್ಪಗೆ ಮೆತ್ತಿದ್ದರೂ ಸಿಕ್ಕಿಕೊಳ್ಳುತ್ತವೆ.

ಲಕ್ಷಣ: ಸುತ್ತಿಗೊಮ್ಮೆ ಹಿಡಿದು ಬಿಡುತ್ತದೆ

ಚಕ್ರ ತಿರುಗಿಸಿದಾಗ ಸರ್... ಸರ್... ಅಂತ ಒಂದೇ ಜಾಗದಲ್ಲಿ ಸದ್ದು ಬಂದರೆ ಡಿಸ್ಕ್ ಬಾಗಿದೆ. ಕಲ್ಲು, ಕಾಫಿ ಗಿಡದ ಕೊರಡು ಬಡಿದು ಹೀಗಾಗುತ್ತದೆ. ಕ್ಯಾಲಿಪರ್ ಪಕ್ಕ ಒಂದು ತಂತಿಯನ್ನು ಡಿಸ್ಕಿಗೆ ತಾಗಿಯೂ ತಾಗದಂತೆ ಕಟ್ಟಿ ಚಕ್ರ ತಿರುಗಿಸಿ. ಡಿಸ್ಕ್ ತಂತಿಯ ಹತ್ತಿರ ಬಂದು ದೂರ ಹೋಗುವುದು ಕಣ್ಣಿಗೇ ಕಾಣುತ್ತದೆ. ಸುತ್ತಿಗೆ ಹಾಕಿ ನೆಟ್ಟಗೆ ಮಾಡುವ ಮಾತು ಯಾರಾದರೂ ಆಡಿದರೆ ಕೇಳಬೇಡಿ. ಕನಿಷ್ಠ ದಪ್ಪ ಎಷ್ಟಿರಬೇಕು ಅಂತ ಡಿಸ್ಕಿನ ಮೇಲೇ ಸಾಮಾನ್ಯವಾಗಿ ಕೊರೆದಿರುತ್ತಾರೆ, ಅದನ್ನೂ ಅಳೆದುಬಿಡಿ.

ಡಿಸ್ಕ್ ನೆಟ್ಟಗಿದ್ದರೆ ಟೈರನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ. ಕಟಕಟ ಅಂದರೆ ಆಕ್ಸಲ್ ಬೇರಿಂಗ್ ಹೋಗಿದೆ, ಇಲ್ಲವೇ ನಟ್ ಸಡಿಲವಾಗಿದೆ. ಅದರೊಂದಿಗೆ ಗಾಡಿ ಓಡಿಸಬೇಡಿ.

ಇಲ್ಲಿ ನಿಲ್ಲಿಸಿ, ಗೊತ್ತಿರುವವರನ್ನು ಕರೆಯಿರಿ

ಬ್ರೇಕಿನಿಂದ ಹೊಗೆ ಬಂದರೆ ಅಲ್ಲೇ ನಿಲ್ಲಿಸಿ, ಒಣಹುಲ್ಲು ತರಗೆಲೆ ಇಲ್ಲದ ಜಾಗದಲ್ಲಿ. ಬಿಸಿಯಾದ ಮೇಲೆ ಪೆಡಲ್ ಸ್ಪಂಜಿನಂತೆ ಕೆಳಗೆ ಹೋದರೆ ಆಯಿಲ್ ಕುದಿದು ಆವಿಯಾಗಿದೆ. ಹೊಸ ಡಾಟ್ 4 ಆಯಿಲ್‌ನ ಕುದಿಬಿಂದು ಕನಿಷ್ಠ 230 ಡಿಗ್ರಿ ಇರಬೇಕು ಅನ್ನುವುದು ನಿಯಮ. ಅದೇ ಆಯಿಲ್ ತೇವ ಹೀರಿಕೊಂಡು ನೀರಿನಂಶ ಸುಮಾರು 3.7 ಶೇಕಡಾ ಆದಾಗ ಇರಬೇಕಾದ ಮಿತಿ 155 ಡಿಗ್ರಿ ಮಾತ್ರ. ನಮ್ಮ ಮಲೆನಾಡಿನ ಗಾಳಿಯಲ್ಲಿ ತೇವಕ್ಕೆ ಬರವೇ? ಎರಡು ವರ್ಷಕ್ಕೊಮ್ಮೆ ಆಯಿಲ್ ಬದಲಿಸಿ. ಗಾಡಿಯ ಆಯಿಲ್ ಡಬ್ಬಿಯ ಮುಚ್ಚಳದ ಮೇಲೆ ಡಾಟ್ 3, ಡಾಟ್ 4 ಯಾವುದು ಬರೆದಿದೆಯೋ ಅದನ್ನೇ ಹಾಕಿ. ಡಾಟ್ 5 ಸಿಲಿಕಾನ್‌ದು, ಇವುಗಳ ಜೊತೆ ಬೆರೆಸುವಂತಿಲ್ಲ. ಹೆಸರು ಹತ್ತಿರವಾದರೂ ಡಾಟ್ 5.1 ಬೇರೆ, ಅದು ಡಾಟ್ 4ರ ಜಾತಿಯದ್ದೇ.

ಆಯಿಲ್ ಸೋರುತ್ತಿದ್ದರೆ, ಏರ್ ಎಷ್ಟು ತೆಗೆದರೂ ಪೆಡಲ್ ಗಟ್ಟಿಯಾಗದಿದ್ದರೆ, ನಿಪ್ಪಲ್ ತಿರುಗಿಸುವಾಗ ಮುರಿಯುವ ಹಾಗೆ ಅನಿಸಿದರೆ ಕೈ ತೆಗೆಯಿರಿ. ಮುರಿದ ನಿಪ್ಪಲ್ ತೆಗೆಯುವುದು ಲೇತ್ ಇರುವವರ ಕೆಲಸ. ಎಬಿಎಸ್ ಇರುವ ಹೊಸ ಮಾದರಿಗಳನ್ನೂ ಮನೆಯಲ್ಲಿ ಬಿಚ್ಚಬೇಡಿ.

ಜೋಡಿಸಿದ ಮೇಲೆ

ಪ್ಯಾಡ್ ಡಿಸ್ಕಿಗೆ ತಾಗಿ ಬಿಗಿ ಸಿಗುವವರೆಗೆ ಪೆಡಲ್ ಒತ್ತಿ, ಆಮೇಲಷ್ಟೇ ಎಂಜಿನ್ ಶುರು ಮಾಡಿ. ಇದನ್ನು ಮರೆತು ಹೊರಟವರ ಮೊದಲ ಬ್ರೇಕ್ ಖಾಲಿ ಹೋಗುತ್ತದೆ. ಕಣದಲ್ಲಿ ನಿಧಾನವಾಗಿ ನಾಲ್ಕು ಸಲ ನಿಲ್ಲಿಸಿ ನೋಡಿ. ಆಮೇಲೆ ಹತ್ತು ನಿಮಿಷ ಓಡಿಸಿ ಅದೇ ನೀರಿನ ಹನಿ ಪರೀಕ್ಷೆ. ಚುಯ್ ಅನ್ನದೆ ಹನಿ ಸುಮ್ನೆ ಜಾರಿ ಬಿದ್ದರೆ ಸರಿ. ಆ ರಾತ್ರಿ ಗಾಡಿ ನಿಲ್ಲಿಸುವಾಗ ಕ್ಯಾಲಿಪರ್ ಕೆಳಗೆ ಒಂದು ಹಳೇ ದಿನಪತ್ರಿಕೆ ಹಾಸಿ. ಬೆಳಿಗ್ಗೆ ಅದರ ಮೇಲೆ ಹನಿ ಬಿದ್ದಿಲ್ಲ, ನಿಪ್ಪಲ್, ಬ್ಯಾಂಜೋ ಎರಡೂ ಬೆರಳಿಗೆ ಒಣಗಿವೆ ಅಂತಾದರೆ ಗೊಬ್ಬರದ ಮೂಟೆ ಹೇರಿ.